ಕೆರೆಗಿಳಿದ ವಿಮಾನ

ಸಿಂಧನೂರಿನ ಕಾಲುವೆ, ಮಸ್ಕಿಯ ಜಲಾಶಯ, ಲಿಂಗಸುಗೂರು ತಾಲ್ಲೂಕಿನ ಕೃಷ್ಣೆ ಇವನ್ನು ಬಲ್ಲ ನಿಮಗೆ ನೀರಿನ ಮೇಲೆ ವಿಮಾನ ಇಳಿಯುವುದು ಸೋಜಿಗವೆನಿಸಬಹುದು. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗೆ ಬಂದ ಕೆಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದವು. ಕೆಟಲಿನಾದ ಒಂದು ಮಾದರಿಗೆ ಗಾಲಿಗಳೂ ಇದ್ದವು. ಅದು ನೆಲಕ್ಕೂ ಇಳಿಯಬಲ್ಲದು. ಇಂಥ ಉಭಯಚರ ವಿಮಾನಗಳಿಗೆ, ಇಂದಿನ ಚಿಕ್ಕವಕ್ಕೂ, ಅಪಾಯ ಅಲ್ಲಿಯೇ ಇದೆ. ಗಾಲಿ ಮಡಿಸಲು ಮರೆತು ನೀರಿಗಿಳಿದರೆ ನೀರು ಗಾಲಿಯನ್ನು ಹಿಡಿದೆಳೆಯುತ್ತದೆ. ಮೂತಿ ಮುಳುಗಿ ವಿಮಾನ ಮಗುಚುತ್ತದೆ. ಒಳಗಿದ್ದವರು ತಲೆಕೆಳಗಾಗಿ ಸಿಕ್ಕಿಬೀಳುತ್ತಾರೆ. ಅಲೆಯಿಲ್ಲದ ನೀರು ಕನ್ನಡಿಯಂತಿದ್ದು ಎತ್ತರದ ಅಂದಾಜನ್ನೂ ತಪ್ಪಿಸುತ್ತದೆ. ಆದ್ದರಿಂದ ಚಾಲಕರಿಗೆ ಒಂದು ರೂಢಿ ಕಲಿಸುತ್ತಾರೆ: ಇಳಿಯುವ ಮುನ್ನ ‘ಇದು ನೀರು, ಗಾಲಿ ಮೇಲಿದೆ’ ಎಂದು ಗಟ್ಟಿಯಾಗಿ ಹೇಳಿ, ಕಣ್ಣಾರೆ ನೋಡಿ, ಆಮೇಲೆ ಇಳಿಯಬೇಕು.