ಗೋಕರ್ಣದ ಅಡಿಗೆಮನೆ

ಗೋಕರ್ಣವೆಂದರೆ ಏನು ನೆನಪಾಗುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ಬರುವ ಉತ್ತರದಿಂದಲೇ ಅವರ ವಯಸ್ಸನ್ನು ಅಂದಾಜು ಮಾಡಬಹುದು. ಅರುವತ್ತು ದಾಟಿದವರಾದರೆ ಮಹಾಬಲೇಶ್ವರನ ಆತ್ಮಲಿಂಗ, ಕೋಟಿತೀರ್ಥದ ಸ್ನಾನ, ತೀರಿಕೊಂಡ ಹಿರಿಯರಿಗೆ ಬಿಟ್ಟ ಎಳ್ಳುನೀರು ಎನ್ನುತ್ತಾರೆ. ಇಪ್ಪತ್ತರ ಹುಡುಗಿಯಾದರೆ ಓಂ ಬೀಚು, ಕುಡ್ಲೆ ಬೀಚು, ಬಂಡೆಯ ಮೇಲೆ ಕುಳಿತು ತೆಗೆಸಿಕೊಂಡ ಫೋಟೋ. 'ನಮ್ಮ ಕ್ಷೇತ್ರವೆಲ್ಲ ಮಜಾ ಮಾಡುವ ಜಾಗವಾಗಿ ಹೋಯಿತು' ಎಂದು ಹಿರಿಯರು ನಿಟ್ಟುಸಿರು ಬಿಡುವುದನ್ನು ನೀವೂ ಕೇಳಿರುತ್ತೀರಿ. ನನಗೇನೋ ಈ ಎರಡು ಗೋಕರ್ಣಗಳ ನಡುವೆ ಅಷ್ಟು ದೊಡ್ಡ ಕಂದಕ ಕಾಣುವುದಿಲ್ಲ. ಹೆಂಗಸರ ಮಟ್ಟಿಗೆ ಗೋಕರ್ಣ ಮೊದಲಿನಿಂದಲೂ ವಿಹಾರದ ಊರೇ. ಅದಕ್ಕೆ ಯಾತ್ರೆ ಎಂಬ ಹೆಸರಿತ್ತು, ಅಷ್ಟೆ.

ಯೋಚಿಸಿ ನೋಡಿ. ಘಟ್ಟದ ಮೇಲಿನ ಶಿರಸಿ, ಸಾಗರ, ಹುಬ್ಬಳ್ಳಿ, ಧಾರವಾಡಗಳ ಒಬ್ಬ ಗೃಹಿಣಿಗೆ ಐವತ್ತು ಅರುವತ್ತು ವರ್ಷಗಳ ಹಿಂದೆ 'ನನಗೆ ಸಮುದ್ರ ನೋಡಬೇಕು' ಎಂದು ಗಂಡನ ಮುಂದೆ, ಅತ್ತೆಯ ಮುಂದೆ ಹೇಳುವುದು ಸಾಧ್ಯವಿತ್ತೇ? ನೀರು ನೋಡುವುದಕ್ಕೆ ದುಡ್ಡು ಖರ್ಚು ಮಾಡಿ ಹೋಗುವುದೇ ಎಂದು ನಕ್ಕುಬಿಡುತ್ತಿದ್ದರು. ಆದರೆ 'ಶಿವರಾತ್ರಿಗೆ ಗೋಕರ್ಣಕ್ಕೆ ಹೋಗಿ ಬರಬೇಕೆಂದು ಹರಕೆ ಇದೆ' ಎಂದರೆ ಯಾರೂ ಇಲ್ಲವೆನ್ನುವಂತಿರಲಿಲ್ಲ. ಸಮುದ್ರಸ್ನಾನವೇ ಅಲ್ಲಿ ವಿಧಿ! ಮನೆಯ ಬಾವಿಕಟ್ಟೆ ಬಿಟ್ಟು ಬೇರೆ ನೀರು ಕಾಣದವರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬರ ಕೈ ಒಬ್ಬರು ಹಿಡಿದು ತೆರೆಗೆ ಮೈಯೊಡ್ಡಿ, ಹುಡುಗಿಯರಂತೆ ಕಿರುಚಿ ನಗುತ್ತಿದ್ದರು. ನಮ್ಮಜ್ಜಿ ಆಯುಷ್ಯದಲ್ಲಿ ಮೂರು ಸಲ ಹಾಗೆ ಸಮುದ್ರಕ್ಕೆ ಇಳಿದವರು. ಆ ಮೂರು ಸಲದ ಕತೆಯನ್ನು ಮುನ್ನೂರು ಸಲ ಹೇಳಿದ್ದರು. ದೇವರ ವಿಷಯ ಅದರಲ್ಲಿ ಬರುತ್ತಿತ್ತು, ಬರುತ್ತಿರಲಿಲ್ಲವೆಂದಲ್ಲ. ಆದರೆ ತೆರೆಯ ವಿಷಯ ಬಂದಾಗ ಅವರ ಮುಖವೇ ಬೇರೆಯಾಗುತ್ತಿತ್ತು.

ಈ ಊರಿನ ಮೂಲಕತೆಯೂ ಒಬ್ಬ ಹೆಂಗಸು ಸಮುದ್ರದ ದಂಡೆಯಲ್ಲಿ ಕುಳಿತಲ್ಲಿಂದಲೇ ಶುರುವಾಗುತ್ತದೆ. ನಾವು ನೆನಪಿಡುವುದು ರಾವಣನನ್ನು, ಬಾಲಕನ ವೇಷದಲ್ಲಿ ಬಂದ ಗಣಪತಿಯನ್ನು. 1958ರ 'ಭೂಕೈಲಾಸ' ಚಿತ್ರ ನೋಡಿದವರಿಗೆ ರಾಜಕುಮಾರರ ರಾವಣ ಕಣ್ಣಿಗೆ ಕಟ್ಟಿದಂತಿರುತ್ತದೆ. ಆದರೆ ಅವನು ಆತ್ಮಲಿಂಗಕ್ಕಾಗಿ ತಪಸ್ಸು ಮಾಡಿದ್ದು ಏತಕ್ಕೆ? ಅವನ ತಾಯಿ ಕೈಕಸೆ ದಂಡೆಯಲ್ಲಿ ಮರಳಿನ ಲಿಂಗ ಮಾಡಿ ಪೂಜಿಸುತ್ತಿದ್ದಳು. ಅದು ಸಮುದ್ರದ ಪಾಲಾಯಿತು. ಅಮ್ಮನ ಕಣ್ಣೀರು ನೋಡಲಾರದೆ ಮಗ ಕೈಲಾಸಕ್ಕೆ ಹೊರಟ. ಮುಂದಿನದು ನಿಮಗೆ ಗೊತ್ತೇ ಇದೆ. ಸಂಧ್ಯಾವಂದನೆಯ ಹೊತ್ತು, ಮೂರು ಸಲದ ಕೂಗು, ನೆಲಕ್ಕೆ ಊರಿದ ಲಿಂಗ. ರಾವಣ ಕಿತ್ತೆಸೆದ ಲಿಂಗದ ಹೊದಿಕೆ, ದಾರ, ಕರಡಿಗೆಗಳು ಬಿದ್ದ ಜಾಗಗಳು ಮುರ್ಡೇಶ್ವರ, ಧಾರೇಶ್ವರ, ಗುಣವಂತೇಶ್ವರ, ಶೆಜ್ಜೇಶ್ವರಗಳಾದವು. ದೇವತೆಗಳಿಗೆ ಸಮಾಧಾನವಾಯಿತು, ಗಣಪತಿಗೆ ಗುಡಿಯಾಯಿತು, ಗೋಕರ್ಣಕ್ಕೆ ಕ್ಷೇತ್ರವೆಂಬ ಹೆಸರು ಬಂತು. ಲಿಂಗ ಬೇಕೆಂದವಳಿಗೆ ಮಾತ್ರ ಅದು ಸಿಗಲೇ ಇಲ್ಲ! ಅವಳು ಆಮೇಲೆ ಏನು ಮಾಡಿದಳೆಂದು ನಾನು ಕೇಳಿದ ಯಾವ ಹರಿಕಥೆಯಲ್ಲೂ ಹೇಳಲಿಲ್ಲ.

ಪುರಾಣದಲ್ಲಿ ಹೀಗಾದರೆ ಇತಿಹಾಸದಲ್ಲೂ ಬೇರೆಯಲ್ಲ. ಗೋಕರ್ಣಕ್ಕೆ ಬಂದು ಹೋದವರ ಪಟ್ಟಿ ದೊಡ್ಡದು. ಕಾಳಿದಾಸನ 'ರಘುವಂಶ'ದಲ್ಲಿ ನಾರದ ಆಕಾಶಮಾರ್ಗದಲ್ಲಿ ಹೊರಟಿರುವುದು ದಕ್ಷಿಣ ಸಮುದ್ರತೀರದ ಗೋಕರ್ಣದ ಈಶ್ವರನಲ್ಲಿಗೇ. 1665ರಲ್ಲಿ ಬಸರೂರಿನ ಮೇಲೆ ದಂಡೆತ್ತಿ ಬಂದ ಶಿವಾಜಿ ಮಹಾರಾಜರು ಹಿಂತಿರುಗುವಾಗ ಇಲ್ಲಿ ಸ್ನಾನ ಮಾಡಿ ಮಹಾಬಲೇಶ್ವರನ ದರ್ಶನ ಪಡೆದರು. 1676ರಲ್ಲಿ ಇಂಗ್ಲಿಷ್ ಕಂಪನಿಯ ವೈದ್ಯ ಜಾನ್ ಫ್ರೈಯರ್ ಶಿವರಾತ್ರಿಯ ಜನಸಾಗರವನ್ನು ಕಣ್ಣಾರೆ ನೋಡಿ ಬರೆದಿಟ್ಟ. 1801ರಲ್ಲಿ ಊರೂರು ಸುತ್ತುತ್ತ ಬಂದ ಫ್ರಾನ್ಸಿಸ್ ಬುಕಾನನ್ ಕೂಡ ಈ ದಾರಿಯಲ್ಲಿ ಹಾದುಹೋದ. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ, ಪಶ್ಚಿಮಕ್ಕೆ ಕಡಲು. ಯಾವ ಕಡೆಯಿಂದ ಬಂದರೂ ದೋಣಿ ಹತ್ತಬೇಕು, ಇಲ್ಲವೇ ಗುಡ್ಡ ಇಳಿಯಬೇಕು. ಆಡಳಿತವೂ ಹಾಗೆಯೇ ಕೈ ಬದಲಾಯಿಸುತ್ತ ಹೋಯಿತು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಆದರೂ ಜನ ಬರುವುದು ನಿಲ್ಲಲಿಲ್ಲ. ಹಾಗೆ ದಣಿದು ಬಂದ ಇಷ್ಟೂ ಜನ ಎಲ್ಲಿ ಉಂಡರು, ಅವರಿಗೆ ಯಾರು ಬೇಯಿಸಿ ಹಾಕಿದರು?

ಲಾಡ್ಜುಗಳಿಲ್ಲದ ಕಾಲದಲ್ಲಿ ಅದಕ್ಕೆ ಉತ್ತರ ರಥಬೀದಿಯ ಹಿಂದುಮುಂದಿನ ವೈದಿಕರ ಮನೆಗಳು. ಇಂತಿಂಥ ಸೀಮೆಯವರಿಗೆ, ಇಂತಿಂಥ ಮನೆತನಕ್ಕೆ ಇಂಥ ಭಟ್ಟರ ಮನೆ ಎಂದು ತಲೆತಲಾಂತರದಿಂದ ಗೊತ್ತಿರುತ್ತಿತ್ತು. 'ಬರುವ ಸೋಮವಾರ ಆರು ಜನ ಬರುತ್ತೇವೆ' ಎಂದು ಒಂದು ಕಾರ್ಡು ಬರೆದರಾಯಿತು. ಕೆಲವೊಮ್ಮೆ ಕಾರ್ಡಿಗಿಂತ ಮೊದಲು ಜನರೇ ಬಂದು ಜಗಲಿಯಲ್ಲಿ ಗಂಟು ಇಳಿಸುತ್ತಿದ್ದುದೂ ಉಂಟು. ನಾನು ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಅಂಥದೊಂದು ಮನೆಯಲ್ಲಿ ಎರಡು ರಾತ್ರಿ ಉಳಿದಿದ್ದೆ. ಒಳಗಿನಿಂದ ಬಂದ ಹೆಂಗಸು, 'ಬನ್ನಿ, ಕೈಕಾಲು ತೊಳ್ಕಳಿ, ಆಸರಿಗೆ ಎಂತ ಅಡ್ಡಿಲ್ಲೆ?' ಎಂದು ಕೇಳಿ, ಬೆಲ್ಲದ ಪಾನಕ ತಂದಿಟ್ಟರು. ಬೆಳಿಗ್ಗೆ ನಾನು ಎದ್ದಾಗ ಬಚ್ಚಲ ಹಂಡೆಗೆ ಬೆಂಕಿ ಆಗಿತ್ತು, ಬಾವಿಯ ರಾಟೆ ಕಿರುಗುಟ್ಟುತ್ತಿತ್ತು. ಶ್ರಾದ್ಧದವರಿಗೆ ಮಡಿಯ ಅಡಿಗೆ ಬೇರೆ, ಮಕ್ಕಳಿಗೆ ಬೆಳಗಿನ ದೋಸೆ ಬೇರೆ, ಉಪವಾಸದವರಿಗೆ ಅವಲಕ್ಕಿ ಬೇರೆ. ಮಧ್ಯಾಹ್ನ ಮೂರರ ಹೊತ್ತಿಗೆ ಕಡೆಯ ಪಂಕ್ತಿ ಎದ್ದ ಮೇಲೆ ಅವರು ಒಲೆಯ ಪಕ್ಕದಲ್ಲೇ ಕುಳಿತು ತಂಬುಳಿ ಅನ್ನ ಉಂಡರು. ಸಮುದ್ರ ಅವರ ಮನೆಯಿಂದ ಐದು ನಿಮಿಷದ ದಾರಿ. 'ನೀವು ದಿನಾ ಸಮುದ್ರಕ್ಕೆ ಹೋಗ್ತೀರಾ?' ಎಂದು ನಾನು ಕೇಳಿದ್ದಕ್ಕೆ, 'ಎಲ್ಲಿ ಪುರಸೊತ್ತು ತಂಗಿ, ಗೌರಿ ಹಬ್ಬದ ಮುಂಚೆ ಹೋದದ್ದು' ಎಂದು ನಕ್ಕಿದ್ದರು.

ಹೊರಡುವಾಗ ನಮ್ಮ ಅಜ್ಜ ಭಟ್ಟರಿಗೆ ದಕ್ಷಿಣೆ ಕೊಟ್ಟರು. ಅಜ್ಜಿ ಆ ಹೆಂಗಸಿಗೆ ಒಂದು ಕಣ, ತೆಂಗಿನಕಾಯಿ ಕೊಟ್ಟು ಕುಂಕುಮ ಹಚ್ಚಿದರು. ಭಟ್ಟರ ಹೆಸರು, ಅವರ ತಂದೆಯ ಹೆಸರು, ಗೋತ್ರ ಎಲ್ಲವೂ ನಮ್ಮ ಮನೆಯಲ್ಲಿ ಬರೆದಿಟ್ಟಿತ್ತು. ಆಕೆಯನ್ನು ಎಲ್ಲರೂ 'ಭಟ್ಟರ ಹೆಂಡತಿ' ಎನ್ನುತ್ತಿದ್ದರು. ಒಂದೇ ಊರಿಗೆ ಬಂದ ಒಬ್ಬ ಹೆಂಗಸಿಗೆ ಸಿಕ್ಕಿದ ರಜೆ, ಆ ಊರಿನ ಇನ್ನೊಬ್ಬ ಹೆಂಗಸಿನ ದುಡಿಮೆಯಾಗಿತ್ತು. ಯಾತ್ರೆಯ ಪುಣ್ಯವನ್ನು ಲೆಕ್ಕ ಹಾಕುವವರು ಈ ಲೆಕ್ಕವನ್ನು ಎಲ್ಲಿ ಬರೆದಿದ್ದಾರೆ?

ಆ ಅಡಿಗೆಮನೆಗೆ ಸಾಮಾನು ಒದಗಿಸಿದವರೂ ಹೆಚ್ಚಾಗಿ ಹೆಂಗಸರೇ. ತರಕಾರಿ ಬುಟ್ಟಿ ಹೊತ್ತು ಬರುತ್ತಿದ್ದವರು ಹಾಲಕ್ಕಿ ಒಕ್ಕಲಿಗರು. ಕೊರಳ ತುಂಬ ಕರಿಮಣಿ ಸರ, ಕುಪ್ಪಸವಿಲ್ಲದೆ ಮೈಸುತ್ತಿ ಕಟ್ಟಿದ ಸೀರೆ. ಮಳೆಗಾಲದ ಭತ್ತ ಕೊಯ್ದ ಮೇಲೆ ಮರಳುಮಿಶ್ರಿತ ಗದ್ದೆಯಲ್ಲಿ ಬದನೆ, ಹರಿವೆ, ಮೂಲಂಗಿ, ಗೆಣಸು ಬೆಳೆದು, ಎರಡೂ ಕೈಯಲ್ಲಿ ಕೊಡ ಹಿಡಿದು ನೀರು ಹೊಯ್ದು ಉಳಿಸಿಕೊಳ್ಳುತ್ತಿದ್ದವರು. ಅಂಕೋಲಾ ಕಡೆಯ ಇದೇ ಸಮುದಾಯದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ, ತುಳಸಿ ಗೌಡರಿಗೆ 2020ರಲ್ಲಿ ಪದ್ಮಶ್ರೀ ಬಂತು. ಸುಕ್ರಿ ಹಾಡುಗಳ ಭಂಡಾರ, ಸಾರಾಯಿಯ ವಿರುದ್ಧ ಊರೂರು ತಿರುಗಿದವರು. ತುಳಸಿಯವರು ಗಿಡಮರಗಳನ್ನು ಮಕ್ಕಳಂತೆ ಸಾಕಿದವರು. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 2024ರ ಡಿಸೆಂಬರಿನಲ್ಲಿ ತುಳಸಿ ಗೌಡರು, 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು. ಅವರಿಬ್ಬರ ಹೆಸರನ್ನಾದರೂ ನಾಡು ಬರೆದಿಟ್ಟುಕೊಂಡಿತು.

ಅಡಿಗೆಗೆ ಉಪ್ಪು ಬರುತ್ತಿದ್ದುದು ಪಕ್ಕದ ಸಾಣಿಕಟ್ಟೆಯ ಆಗರದಿಂದ. ಅಘನಾಶಿನಿಯ ಉಪ್ಪುನೀರನ್ನು ಚೌಕ ಚೌಕ ಪಾತಿಗಳಲ್ಲಿ ಹಾಯಿಸಿ, ಬಿಸಿಲಿಗೆ ಬತ್ತಿಸಿ, ಗೋರಿ ರಾಶಿ ಹಾಕುವ ಕೆಲಸ ಇಲ್ಲಿ ಶತಮಾನಗಳಿಂದ ನಡೆದುಬಂದಿದೆ. 1930ರ ಏಪ್ರಿಲಿನಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದಾಗ ಈ ಕರಾವಳಿಯವರಿಗೆ ಉಪ್ಪಿನ ಬೆಲೆ ಏನೆಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಆಗರದ ಮಾಲೀಕರು ಸೇರಿ ನಾಗರಬೈಲ ಸಹಕಾರಿ ಸಂಘ ಕಟ್ಟಿಕೊಂಡರು. ನಮ್ಮ ಕಡೆ ಮಾವಿನ ಮಿಡಿ ಉಪ್ಪಿಗೆ ಹಾಕುವಾಗ ಸಾಣಿಕಟ್ಟೆಯ ದಪ್ಪ ಉಪ್ಪೇ ಆಗಬೇಕೆಂದು ಹಟ ಹಿಡಿಯುವ ಹೆಂಗಸರು ಇದ್ದಾರೆ. ಇನ್ನು ಮೀನುಣ್ಣುವವರ ಮನೆಗೆ ತದಡಿಯ ಮೀನು. ಇಳಿತದ ಹೊತ್ತಿನಲ್ಲಿ ಮೊಣಕಾಲು ಕೆಸರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರನ್ನು ಅಘನಾಶಿನಿಯ ಅಳಿವೆಯಲ್ಲಿ ಈಗಲೂ ಕಾಣಬಹುದು.

ಊರಿನ ಹೆಸರನ್ನು ಕನ್ನಡ ಸಾಹಿತ್ಯದಲ್ಲಿ ಉಳಿಸಿದವರೂ ಇಲ್ಲಿದ್ದಾರೆ. ಗೋಕರ್ಣದ ಗೌರೀಶ ಕಾಯ್ಕಿಣಿಯವರು ಬಂಕಿಕೊಡ್ಲದಲ್ಲಿ ಮೇಷ್ಟರಾಗಿದ್ದುಕೊಂಡೇ ದೊಡ್ಡ ವಿಚಾರವಂತರೆನಿಸಿಕೊಂಡರು. ಅವರ ಮಗ ಜಯಂತ ಕಾಯ್ಕಿಣಿ. ಹತ್ತಿರದ ಹನೇಹಳ್ಳಿ ಗಂಗಾಧರ ಚಿತ್ತಾಲ, ಯಶವಂತ ಚಿತ್ತಾಲ ಸೋದರರ ಊರು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕುಳಿತು ಬರೆದರೂ ಹನೇಹಳ್ಳಿ ಅವರನ್ನು ಬಿಟ್ಟಿರಲಿಲ್ಲ.

ಇಂಥ ಊರಿಗೆ ಆಮೇಲೆ ಹೊಸ ಯಾತ್ರಿಕರು ಬಂದರು. ಗೋವೆಯಲ್ಲಿ ಗದ್ದಲ ಹೆಚ್ಚಾಯಿತೆಂದು ಗಂಟುಮೂಟೆ ಹೊತ್ತ ವಿದೇಶೀಯರು ಕುಡ್ಲೆ, ಓಂ ದಂಡೆಗಳನ್ನು ಹುಡುಕಿಕೊಂಡು ಬಂದರು. ಮೊದಮೊದಲು ಗುಡ್ಡ ಹತ್ತಿಳಿದು ಹೋಗಬೇಕಾದ ಜಾಗಗಳು ಅವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಮುಂಬಯಿಯೂ ಹತ್ತಿರವಾಯಿತು. ಈಚೆಗಂತೂ ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿದವರು ಶನಿವಾರ ಬೆಳಿಗ್ಗೆ ಇಲ್ಲಿ ಇಳಿಯುತ್ತಾರೆ. ಜಗಲಿಗಳು ಅಂಗಡಿಗಳಾದವು, ಹಿತ್ತಿಲಲ್ಲಿ ಬಾಡಿಗೆಯ ಕೋಣೆಗಳು ಎದ್ದವು.

ಇದರಿಂದ ಊರು ಕೆಟ್ಟಿತೆಂದು ಒಂದೇ ಮಾತಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ನಾನು ಉಳಿದುಕೊಂಡ ಮನೆಯಲ್ಲಿ ಮೂರು ಕೋಣೆಗಳ ಬಾಡಿಗೆಯನ್ನು ಮನೆಯ ಹೆಂಗಸೇ ಕೈಯಾರೆ ತೆಗೆದುಕೊಂಡು ರಸೀತಿ ಬರೆದುಕೊಟ್ಟರು, ತನ್ನ ಹೆಸರಿನಲ್ಲೇ ಸಹಿ ಹಾಕಿದರು. 'ಮೊದಲು ನಮ್ಮತ್ತೆ ಐವತ್ತು ಜನಕ್ಕೆ ಬಡಿಸ್ತಿದ್ರು, ಕೈಯಲ್ಲಿ ಐದು ರೂಪಾಯಿ ಇರ್ತಿರಲಿಲ್ಲ. ಈಗ ಮಗಳ ಕಾಲೇಜು ಫೀಸು ನಾನೇ ಕಟ್ಟಿದೆ' ಎಂದರು. ಆ ಮಾತಿನಲ್ಲಿದ್ದ ಬಿಗುವು ನೋಡಿ ನನಗೆ ಸಂತೋಷವೇ ಆಯಿತು. ಆದರೆ ಅವರೇ ಮುಂದುವರಿಸಿ, ಬೇಸಿಗೆಯಲ್ಲಿ ಬಾವಿಯ ನೀರು ಸಾಲುವುದಿಲ್ಲ, ಕಸ ಎಲ್ಲಿ ಹಾಕುವುದೆಂದು ತಿಳಿಯುವುದಿಲ್ಲ, ತರಕಾರಿ ತರುತ್ತಿದ್ದ ಗೌಡತಿಯ ಗದ್ದೆಯಲ್ಲಿ ಈಗ ಕಟ್ಟಡ ನಿಂತಿದೆ, ಗೌಡತಿ ಅಲ್ಲಿಯೇ ಪಾತ್ರೆ ತೊಳೆಯಲು ಹೋಗುತ್ತಾಳೆ ಎಂದೂ ಹೇಳಿದರು. ಒಬ್ಬಳ ಕೈಗೆ ದುಡ್ಡು ಬಂದಾಗ ಇನ್ನೊಬ್ಬಳ ಕೈಯಿಂದ ನೆಲ ಜಾರಿತು. ಹಳೆಯ ಗೋಕರ್ಣದ ಲೆಕ್ಕವೇ ಹೊಸ ಪುಸ್ತಕದಲ್ಲಿ ಮುಂದುವರಿದಿದೆ.

ಒಂದು ಸಮಾಧಾನದ ವಿಷಯವಿದೆ. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿತು. ಉಪ್ಪುನೀರು ಸಹಿಸುವ ಕಗ್ಗ ಭತ್ತದ ಗಜನಿ ಗದ್ದೆಗಳು, ಬಳಚು ಸಿಗುವ ಕೆಸರು, ಕಾಂಡ್ಲಾ ಗಿಡಗಳು ಇವೆಲ್ಲ ಬೆಲೆಯುಳ್ಳವು ಎಂದು ಕಾಗದದ ಮೇಲಾದರೂ ಒಪ್ಪಿದಂತಾಯಿತು. ಬಳಚು ಹೆಕ್ಕುವವರಿಗೆ ಇದು ಮೊದಲೇ ಗೊತ್ತಿತ್ತು ಬಿಡಿ.

ನೀವು ಗೋಕರ್ಣಕ್ಕೆ ಖಂಡಿತ ಹೋಗಿ. ದೇವರ ಹೆಸರಿನಲ್ಲಾದರೂ ಸರಿ, ಸಮುದ್ರದ ಹೆಸರಿನಲ್ಲೇ ಆದರೂ ಸರಿ. ನಮ್ಮ ಅಜ್ಜಿಯರಂತೆ ಹರಕೆಯ ನೆಪ ಹುಡುಕುವ ಕಷ್ಟ ನಮಗೀಗ ಇಲ್ಲ. ಬರುವಾಗ ರಥಬೀದಿಯ ಬದಿಯಲ್ಲಿ ಬುಟ್ಟಿ ಇಟ್ಟು ಕುಳಿತವಳ ಹತ್ತಿರ ಚೌಕಾಸಿ ಮಾಡದೆ ಎರಡು ಕಟ್ಟು ಹರಿವೆ ಕೊಳ್ಳಿ. ಉಂಡ ಮನೆಯಲ್ಲಿ ಬಡಿಸಿದವಳ ಹೆಸರೇನೆಂದು ಕೇಳಿ. ಪುರಸೊತ್ತಿದ್ದರೆ ಸಂಜೆ ಅವಳನ್ನೂ ತೆರೆಯ ತನಕ ಕರೆದುಕೊಂಡು ಹೋಗಿ.