ಮೆಕಾನಮ್ ಚಕ್ರದ ವಿಕಾಸ: ಪೇಟೆಂಟಿನಿಂದ ಸ್ಪರ್ಧಾಂಗಣದವರೆಗೆ

ವಾಹನವು ತನ್ನ ಮುಖವನ್ನು ತಿರುಗಿಸದೆಯೇ ಪಕ್ಕಕ್ಕೂ ಓರೆಯಾಗಿಯೂ ಚಲಿಸುವಂತಾಗಬೇಕೆಂಬ ಅಪೇಕ್ಷೆ ಯಂತ್ರಶಿಲ್ಪದಲ್ಲಿ ಒಂದು ಶತಮಾನಕ್ಕಿಂತಲೂ ಹಳೆಯದು. 1919ರಲ್ಲಿ ಗ್ರಾಬೊವಿಯೆಟ್ಸ್ಕಿ ಎಂಬಾತ ಅಮೆರಿಕದಲ್ಲಿ ಪಡೆದ ಪೇಟೆಂಟು ಚಕ್ರದ ಅಂಚಿನ ಸುತ್ತ ಅಡ್ಡಲಾಗಿ ಉರುಳುವ ಸಣ್ಣ ರೋಲರುಗಳನ್ನು ಜೋಡಿಸುವ ಉಪಾಯವನ್ನು ವಿವರಿಸಿತ್ತು. ಇಂದು ‘ಓಮ್ನಿ ಚಕ್ರ’ವೆಂದು ಕರೆಯುವುದು ಈ ವಂಶದ್ದೇ. ಸ್ವೀಡನ್ನಿನ ಮೆಕಾನಮ್ ಎಬಿ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಬೆಂಗ್ಟ್ ಇಲಾನ್ 1972ರಲ್ಲಿ ಆ ರೋಲರುಗಳ ಅಕ್ಷವನ್ನು ಚಕ್ರದ ಅಚ್ಚಿಗೆ 45 ಡಿಗ್ರಿ ಓರೆಯಾಗಿಸಿದ ವಿನ್ಯಾಸವನ್ನು ಮುಂದಿಟ್ಟರು. 1975ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟೂ ದೊರೆಯಿತು.

ಓರೆಯ ಈ ರೋಲರು ತನ್ನ ಅಕ್ಷದ ಸುತ್ತ ಸ್ವತಂತ್ರವಾಗಿ ಉರುಳುವುದರಿಂದ ಅದು ನೆಲವನ್ನು ಹಿಡಿದು ತಳ್ಳಬಲ್ಲದ್ದು ಅಕ್ಷದ ದಿಕ್ಕಿನಲ್ಲಿ ಮಾತ್ರ. ಹೀಗಾಗಿ ಪ್ರತಿಯೊಂದು ಚಕ್ರವೂ ವಾಹನವನ್ನು ಓರೆಯಾಗಿ ನೂಕುತ್ತದೆ. ನಾಲ್ಕು ಚಕ್ರಗಳೂ ಒಂದೇ ವೇಗದಲ್ಲಿ ಮುಂದಕ್ಕೆ ಸುತ್ತಿದರೆ ಪಕ್ಕದ ಬಲಗಳು ಪರಸ್ಪರ ರದ್ದಾಗಿ ವಾಹನ ನೇರವಾಗಿ ಸಾಗುತ್ತದೆ; ಒಂದು ಕರ್ಣದ ಎರಡು ಚಕ್ರಗಳು ಮುಂದಕ್ಕೂ ಇನ್ನೊಂದು ಕರ್ಣದವು ಹಿಂದಕ್ಕೂ ಸುತ್ತಿದರೆ ಅದು ಪಕ್ಕಕ್ಕೆ ಸರಿಯುತ್ತದೆ; ಎಡಬದಿ ಮತ್ತು ಬಲಬದಿಯ ಚಕ್ರಗಳು ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ನಿಂತಲ್ಲೇ ತಿರುಗುತ್ತದೆ. ಇದಕ್ಕಾಗಿ ಎಡ ಓರೆಯ ಎರಡು ಮತ್ತು ಬಲ ಓರೆಯ ಎರಡು ಚಕ್ರಗಳು ಬೇಕು, ಮತ್ತು ಮೇಲಿನಿಂದ ನೋಡಿದಾಗ ಅವುಗಳ ಮೇಲ್ಭಾಗದ ರೋಲರುಗಳು ಕೇಂದ್ರದತ್ತ ಮುಖಮಾಡಿ ಗುಣಾಕಾರ ಚಿಹ್ನೆಯಂತೆ ಕಾಣಬೇಕು. ಚೌಕಾಕಾರದ ವಾಹನದಲ್ಲಿ ಈ ಜೋಡಣೆ ತಿರುವುಮುರುವಾದರೆ ನಾಲ್ಕೂ ಚಕ್ರಗಳ ಬಲರೇಖೆಗಳು ಕೇಂದ್ರದ ಮೂಲಕವೇ ಹಾದು, ವಾಹನ ನಾಲ್ಕೂ ಕಡೆ ಚಲಿಸಿದರೂ ತಿರುಗುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಹೊಸ ಚಕ್ರವು ಮೊದಲು ನೆಲೆ ಕಂಡದ್ದು ಸಂಶೋಧನಾಲಯ ಮತ್ತು ಕಾರ್ಖಾನೆಗಳಲ್ಲಿ. 1980ರ ದಶಕದಲ್ಲಿ ಅಮೆರಿಕದ ನೌಕಾಪಡೆ ಇಲಾನರ ಪೇಟೆಂಟನ್ನು ಕೊಂಡಿತು. ಅದೇ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ‘ಯುರೇನಸ್’ ರೋಬೋಟ್ ರೂಪುಗೊಂಡಿತು, ಮತ್ತು ಚಕ್ರಗಳ ವೇಗದಿಂದ ಇಡೀ ವಾಹನದ ಚಲನೆಯನ್ನು ಲೆಕ್ಕ ಹಾಕುವ ಸಮೀಕರಣಗಳನ್ನು ಅಲ್ಲಿನ ಮ್ಯೂರ್ ಮತ್ತು ನ್ಯೂಮನ್ 1987ರಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದರು. ಇಂದು ರೋಬೋಟ್ ಸ್ಪರ್ಧೆಗೆ ಸಿದ್ಧವಾಗುವ ಶಾಲಾ ತಂಡದ ವಿದ್ಯಾರ್ಥಿ ಬರೆಯುವ ನಾಲ್ಕು ಸಾಲಿನ ಪ್ರೋಗ್ರಾಮಿನ ಹಿಂದೆ ಈ ಗಣಿತವಿದೆ.

ಗಣಿತ ಇಷ್ಟು ಬೇಗ ಬಗೆಹರಿದರೂ ಚಕ್ರದ ಭವಿಷ್ಯವನ್ನು ನಿರ್ಧರಿಸಿದ್ದು ರೋಲರು ಎಂಬ ಸಣ್ಣ ಭಾಗವೇ. ಪಕ್ಕದಿಂದ ನೋಡಿದಾಗ ಎಲ್ಲ ರೋಲರುಗಳ ಹೊರ ಅಂಚು ಸೇರಿ ಪೂರ್ಣ ವೃತ್ತವಾಗಬೇಕಾದರೆ ಪ್ರತಿ ರೋಲರೂ ಮದ್ದಳೆಯಂತೆ ನಡುವೆ ಉಬ್ಬಿ ತುದಿಗಳಲ್ಲಿ ಸಪೂರವಾಗಿರಬೇಕು, ಮತ್ತು ಒಂದು ರೋಲರು ನೆಲ ಬಿಡುವ ಮೊದಲೇ ಮುಂದಿನದು ನೆಲ ಮುಟ್ಟಬೇಕು; ಈ ಉಬ್ಬು ತಪ್ಪಿದರೆ ವಾಹನ ಪ್ರತಿ ಸುತ್ತಿನಲ್ಲೂ ಕುಲುಕುತ್ತದೆ. ರೋಲರನ್ನು ಎರಡೂ ತುದಿಗಳಲ್ಲಿ ತಟ್ಟೆಗಳ ನಡುವೆ ಹಿಡಿಯುವುದು ಸುಲಭ, ಗಟ್ಟಿ. ಆದರೆ ನೆಲ ಓರೆಯಾದಾಗ ಅಥವಾ ಉಬ್ಬುತಗ್ಗಾದಾಗ ತಟ್ಟೆಯ ಅಂಚೇ ನೆಲಕ್ಕೆ ತಾಗಿ ರೋಲರು ಕೆಲಸಕ್ಕೆ ಬಾರದಂತಾಗುತ್ತದೆ. ರೋಲರನ್ನು ಎರಡು ತುಂಡಾಗಿಸಿ ನಡುವೆ ಹಿಡಿಯುವ ವಿನ್ಯಾಸ ಈ ದೋಷವನ್ನು ನಿವಾರಿಸುತ್ತದೆ. ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದ ಡೀಗಲ್ ಮತ್ತು ಸಂಗಡಿಗರು 2002ರಲ್ಲಿ, ನೇರ ಚಲನೆಯಲ್ಲಿ ಶಕ್ತಿ ಸೋರದಂತೆ ರೋಲರಿನ ಕೋನವನ್ನೇ ಬದಲಿಸುವ ಅಥವಾ ರೋಲರನ್ನು ಬಿಗಿಹಿಡಿಯುವ ಸುಧಾರಣೆಗಳನ್ನು ಪ್ರಸ್ತಾಪಿಸಿದರು. ವಿಚಾರ ಚುರುಕಾದದ್ದೇ ಆದರೂ ಸ್ಪರ್ಧಾ ತಂಡಗಳು ಸರಳ ಚಕ್ರವನ್ನೇ ನೆಚ್ಚಿಕೊಂಡವು.

ಈ ಸರಳ ಚಕ್ರ ಸ್ಪರ್ಧಾಂಗಣಕ್ಕೆ ಬಂದದ್ದು ವಿದ್ಯಾರ್ಥಿ ತಂಡಗಳ ರೋಬೋಟ್ ಸ್ಪರ್ಧೆಗಳ ಮೂಲಕ. ಅಮೆರಿಕದ ಆವಿಷ್ಕಾರಕ ಡೀನ್ ಕೇಮನ್ 1989ರಲ್ಲಿ ಸ್ಥಾಪಿಸಿದ ‘ಫಸ್ಟ್’ ಸಂಸ್ಥೆ 1992ರಲ್ಲಿ ತನ್ನ ಮೊದಲ ರೋಬೋಟ್ ಸ್ಪರ್ಧೆಯನ್ನು ನಡೆಸಿತು. 2004ರಲ್ಲಿ ಆರಂಭವಾದ ಆಂಡಿಮಾರ್ಕ್‌ನಂಥ ಕಂಪನಿಗಳು ಸಿದ್ಧ ಚಕ್ರಗಳನ್ನು ಮಾರತೊಡಗಿದ ಮೇಲೆ, ಲೇತು ಯಂತ್ರವಿಲ್ಲದ ತಂಡಗಳಿಗೂ ಈ ಚಕ್ರ ಎಟುಕಿತು. ಚೀನಾದ ಷೆನ್‌ಝೆನ್‌ನಲ್ಲಿ 2015ರಿಂದ ನಡೆಯುತ್ತಿರುವ ರೋಬೋಮಾಸ್ಟರ್ ಸ್ಪರ್ಧೆಯ ಯಂತ್ರಗಳಿಗೂ ಇದೇ ಚಕ್ರ ಗುರುತಾಯಿತು.

ಅಂಗಣದ ಅನುಭವ ಚಕ್ರದ ಮಿತಿಯನ್ನೂ ತೋರಿಸಿಕೊಟ್ಟಿತು. ಮೆಕಾನಮ್ ಚಕ್ರ ಮೋಟಾರಿನ ಅರ್ಧ ಬಲವನ್ನು ನುಂಗುತ್ತದೆಂಬ ಮಾತು ತಂಡಗಳಲ್ಲಿ ಪ್ರಚಲಿತವಿದ್ದರೂ ಅದು ಸರಿಯಲ್ಲ. ಘರ್ಷಣೆಯನ್ನು ಕಡೆಗಣಿಸಿದರೆ ನೇರ ಚಲನೆಯಲ್ಲಿ ಮೋಟಾರಿನ ಬಲ ಪೂರ್ಣವಾಗಿಯೇ ಮುಂದಕ್ಕೆ ದೊರೆಯುತ್ತದೆ. ಕಡಿಮೆಯಾಗುವುದು ಜಾರುವ ಮುನ್ನ ಚಕ್ರ ಕೊಡಬಲ್ಲ ಗರಿಷ್ಠ ಹಿಡಿತ: ನೆಲದ ಹಿಡಿತ ಓರೆ ದಿಕ್ಕಿನಲ್ಲಿ ದೊರೆಯುವುದರಿಂದ ಮುಂದಕ್ಕೆ ಅದರ ಸುಮಾರು 70 ಪ್ರತಿಶತ ಮಾತ್ರ ಉಳಿಯುತ್ತದೆ, ಆದ್ದರಿಂದ ಎದುರಾಳಿಯ ರೋಬೋಟಿನೊಡನೆ ತಳ್ಳಾಟಕ್ಕಿಳಿದರೆ ಮೆಕಾನಮ್ ಯಂತ್ರ ಸೋಲುವ ಸಂಭವವೇ ಹೆಚ್ಚು. ನಾಲ್ಕರಲ್ಲಿ ಒಂದು ಚಕ್ರ ನೆಲದಿಂದ ಎದ್ದರೂ ಬಲಗಳ ಸಮತೋಲ ಕೆಟ್ಟು ದಾರಿ ವಾಲುತ್ತದೆ. ಹಾಗಾಗಿ ಭಾರವನ್ನು ನಾಲ್ಕೂ ಚಕ್ರಗಳಿಗೆ ಸಮನಾಗಿ ಹಂಚುವುದು ಮತ್ತು ಚೌಕಟ್ಟು ತುಸು ಬಾಗುವಂತೆ ಕಟ್ಟುವುದು ವಿನ್ಯಾಸದ ಮೊದಲ ಪಾಠವಾಗಬೇಕು. ರೋಲರುಗಳು ಜಾರುವುದರಿಂದ ಚಾಲಕ ಚಕ್ರಗಳ ಸುತ್ತುಗಳನ್ನು ಎಣಿಸಿ ದೂರವನ್ನು ಅಳೆಯುವುದು ನೆಚ್ಚಿಕೊಳ್ಳುವಂಥದ್ದಲ್ಲ; ಮೋಟಾರಿಲ್ಲದೆ ನೆಲಕ್ಕೆ ಒತ್ತಿಕೊಂಡು ಉರುಳುವ ಸಣ್ಣ ಓಮ್ನಿ ಚಕ್ರಗಳಿಂದ ಸ್ಥಾನವನ್ನು ಗುರುತಿಸುವ ಕ್ರಮವನ್ನು ಅನೇಕ ತಂಡಗಳು ರೂಢಿಸಿಕೊಂಡಿರುವುದು ಇದೇ ಕಾರಣಕ್ಕೆ.

ಪ್ರತಿ ಚಕ್ರವನ್ನೂ ಬೇರೆ ಬೇರೆಯಾಗಿ ತಿರುಗಿಸುವ ‘ಸ್ವರ್ವ್’ ವ್ಯವಸ್ಥೆ ಈಚಿನ ವರ್ಷಗಳಲ್ಲಿ ಫಸ್ಟ್‌ನ ದೊಡ್ಡ ರೋಬೋಟುಗಳ ಸ್ಪರ್ಧೆಯಲ್ಲಿ ಮೇಲುಗೈ ಪಡೆದಿದೆ, ಏಕೆಂದರೆ ಅದರಲ್ಲಿ ಹಿಡಿತ ಸೋರುವುದಿಲ್ಲ. ಆದರೆ ಅದಕ್ಕೆ ಸಾಮಾನ್ಯವಾಗಿ ಚಕ್ರಕ್ಕೆ ಎರಡರಂತೆ ಎಂಟು ಮೋಟಾರು ಬೇಕು. ಮೆಕಾನಮ್‌ಗೆ ನಾಲ್ಕೇ ಸಾಕು. ಮೋಟಾರುಗಳ ಸಂಖ್ಯೆಗೂ ಹಣಕ್ಕೂ ಮಿತಿಯಿರುವ ಚಿಕ್ಕ ರೋಬೋಟುಗಳ ಸ್ಪರ್ಧೆಗಳಲ್ಲಿ ಮೆಕಾನಮ್ ಚಕ್ರವೇ ಇಂದಿಗೂ ಹೆಚ್ಚು ಸೂಕ್ತವಾದ ಆಯ್ಕೆ.