ಹಲ್ಲಿನ ಸ್ಕ್ರೂ ಎಷ್ಟು ಆಳಕ್ಕೆ?

1916ರಲ್ಲಿ ಬೆಳಗಾವಿಯಲ್ಲಿ ಒಂದು ಶಾಲೆಯಿಂದ ಶುರುವಾದ ಕೆ.ಎಲ್.ಇ. ಸಂಸ್ಥೆ 1985ರಲ್ಲಿ ಅಲ್ಲೇ ದಂತ ವೈದ್ಯಕೀಯ ಕಾಲೇಜು ತೆರೆಯಿತು. ಖಾನಾಪುರದ ನಮಗೆ ಹಲ್ಲುನೋವು ಅಂದ್ರೆ ಬೆಳಗಾವಿ ಬಸ್ಸೇ. ಈಗ ನಮ್ಮ ಮಾಮಾ ಇಂಪ್ಲಾಂಟ್ ಹಾಕಿಸ್ತಾರಂತೆ. "ಗಟ್ಟಿ ಕೂತರೆ ಸಾಕಲ್ಲ?" ಅಂದರು. ಸಾಲದು, ಅದಕ್ಕೊಂದು ಇತಿಹಾಸ ಇದೆ.

1965ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ರೋಗಿಯೊಬ್ಬರ ದವಡೆಗೆ ಟೈಟಾನಿಯಂ ಸ್ಕ್ರೂ ಕೂರಿಸಿದರು. ಮೂಳೆ ಅದನ್ನು ಅಪ್ಪಿಕೊಂಡಿತು. ಆದರೆ ಇಂಥ ಇಂಪ್ಲಾಂಟುಗಳ ಕತ್ತಿನ ಸುತ್ತ ಮೊದಲ ವರ್ಷ ಸುಮಾರು 1.5 ಮಿ.ಮೀ. ಮೂಳೆ ಸವೆಯುವುದು ಮಾಮೂಲಿಯಾಗಿತ್ತು. ಇಂಪ್ಲಾಂಟಿಗೂ ಮೇಲಿನ ಜೋಡಣೆಗೂ ನಡುವಿನ ಸಂದಿಯಲ್ಲಿ ಬ್ಯಾಕ್ಟೀರಿಯಾ ಸೇರುವುದು ಒಂದು ಕಾರಣ. ಹಳೇ ವಿನ್ಯಾಸದಲ್ಲಿ ಆ ಸಂದಿ ಆಳಕ್ಕಿಳಿದಷ್ಟೂ ಮೂಳೆ ಹಿಂದೆ ಸರಿಯುತ್ತಿತ್ತು.

1990ರ ದಶಕದಲ್ಲೊಂದು ತಮಾಷೆ ನಡೆಯಿತು. ಅಗಲದ ಇಂಪ್ಲಾಂಟ್ ಬಂತು, ತಕ್ಕ ಜೋಡಣೆ ಇರಲಿಲ್ಲ. ಕಿರಿದಾದದ್ದನ್ನೇ ಹಾಕಿದರು. ವರ್ಷಗಳ ಮೇಲೆ ಎಕ್ಸ್-ರೇ ನೋಡಿದರೆ ಮೂಳೆ ಕಡಿಮೆ ಸವೆದಿತ್ತು! ಸಂದಿ ಅಂಚಿನಿಂದ ಒಳಕ್ಕೆ ಸರಿದಿತ್ತಲ್ಲ, ಅದಕ್ಕೆ. 2006ರಲ್ಲಿ ಲಝಾರಾ, ಪೋರ್ಟರ್ ಇದನ್ನು 'ಪ್ಲಾಟ್‌ಫಾರ್ಮ್ ಸ್ವಿಚಿಂಗ್' ಅಂತ ಬರೆದರು. ಈಗ ಬಿಗಿಯಾದ ಶಂಕುವಿನಾಕಾರದ ಜೋಡಣೆ ಇದ್ದರೆ, ವಸಡು ತೆಳ್ಳಗಿದ್ದವರಿಗೆ ಮೂಳೆಯ ಅಂಚಿಗಿಂತ 1-2 ಮಿ.ಮೀ. ಕೆಳಗೂ ಕೂರಿಸುವುದುಂಟು.

ಹಾಗಾಗಿ ಹಾಕಿಸೋರು ಬೆಲೆ ಜೊತೆ ಇವನ್ನೂ ಕೇಳಿ: ಜೋಡಣೆ ಎಂಥದ್ದು, ಆಳ ಎಷ್ಟು? ದಿನಾ ಉಜ್ಜದಿದ್ದರೆ ಮಾತ್ರ ಯಾವ ವಿನ್ಯಾಸವೂ ವಸಡು ಉಳಿಸೋಲ್ಲ..